ಬಿಸಿ ಹಾಲಿನ ಅಳತೆ

ತಾನು ದುಡಿಯುವ ಡೈರಿಯ ಪ್ರಯೋಗಾಲಯಕ್ಕೇ ವಾರಗಿತ್ತಿಯೂ ಕೆಲಸಕ್ಕೆ ಸೇರಿದ ದಿನದಿಂದ ಹಿರಿಸೊಸೆಯ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಮನೆಯಲ್ಲಿ ಅತ್ತೆ ಆ ಹುಡುಗಿಯನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದು ಸಾಲದೆಂದು, ಈಗ ಡೈರಿಯ ಮ್ಯಾನೇಜರೂ ಅದೇ ಕೆಲಸಕ್ಕೆ ಇಳಿದಿದ್ದ. ಮನೆಯಲ್ಲಾದರೆ ಅಡುಗೆಮನೆ ಹೊಕ್ಕು ಪಾತ್ರೆ ಕುಕ್ಕಬಹುದು. ಪ್ರಯೋಗಾಲಯದಲ್ಲಿ ಇರುವುದೆಲ್ಲ ಗಾಜು, ಕುಕ್ಕಿದರೆ ಸಂಬಳದಲ್ಲಿ ಹಿಡಿಯುತ್ತಾರೆ.

ಡೈರಿಗೆ ಒಂದು ದೊಡ್ಡ ತಲೆನೋವಿತ್ತು. ಹಸುವಿನ ಹಾಲನ್ನು ಬತ್ತಿಸಿ, ಡಬ್ಬಿಗೆ ತುಂಬಿ, ಕೊನೆಗೆ ಡಬ್ಬಿ ಸಮೇತ ಬೇಯಿಸಿದಾಗ ಕೆಲವು ಸಲ ಒಳಗಿನ ಹಾಲು ಗಡ್ಡೆಗಟ್ಟುತ್ತಿತ್ತು. ಪ್ರಯೋಗಾಲಯದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಇದನ್ನು ಯಾರು ಸರಿಪಡಿಸುತ್ತಾರೋ ಆ ಕುರ್ಚಿ ಅವರಿಗೇ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದ. ಹಿರಿಸೊಸೆ ಆ ಕುರ್ಚಿಯ ಮೇಲೆ ಕಣ್ಣಿಟ್ಟು ಕೂದಲು ಹಣ್ಣು ಮಾಡಿಕೊಂಡವಳು.

ಮ್ಯಾನೇಜರ್ ಕರೆದ ಮೀಟಿಂಗಿನಲ್ಲಿ ವಾರಗಿತ್ತಿ ಎದ್ದು ನಿಂತು ಅರಳು ಹುರಿದಂತೆ ಮಾತಾಡಿದಳು.

"ಹಾಲಲ್ಲಿ ಮುಖ್ಯವಾಗಿ ಎರಡು ಥರದ ಪ್ರೋಟೀನ್ ಇರುತ್ತೆ ಸಾರ್. ಕೇಸೀನ್ ಅನ್ನೋದು ಸಡಿಲವಾದ ನೂಲು, ಸಣ್ಣ ಸಣ್ಣ ಉಂಡೆಯಾಗಿ ತೇಲ್ತಿರುತ್ತೆ. ಕಾಯಿಸಿದ್ರೂ ಅಷ್ಟು ಸುಲಭಕ್ಕೆ ಜಗ್ಗಲ್ಲ. ಹಾಲು ಒಡೆದಾಗ ನೀರಲ್ಲಿ ಉಳಿಯುತ್ತಲ್ಲ, ಆ ಪ್ರೋಟೀನ್ ಹಾಗಲ್ಲ. ಬಿಗಿಯಾಗಿ ಮಡಿಚಿಕೊಂಡಿರುತ್ತೆ, ಕಾದ್ರೆ ಬಿಚ್ಚಿಕೊಂಡು ಹತ್ತಿರ ಸಿಕ್ಕಿದ್ದನ್ನ ಹಿಡ್ಕೊಂಡುಬಿಡುತ್ತೆ. ಬತ್ತಿಸಿದ ಹಾಲಲ್ಲಿ ಅದು ಬಿಚ್ಚಿದ್ರೆ ಗಡ್ಡೆ ಆಗುತ್ತೆ. ಅದಕ್ಕೇ ಹಾಲು ತೆಳ್ಳಗಿರುವಾಗಲೇ ತೊಂಬತ್ತು ಡಿಗ್ರಿಗೆ ಕಾಯಿಸಿಬಿಡೋಣ. ಅದು ಆಗಲೇ ಬಿಚ್ಚಿ ಕೇಸೀನ್ ಮೈಗೆ ಹೋಗಿ ಅಂಟ್ಕೊಂಡ್ರೆ ಆಮೇಲೆ ತಂಟೆ ಮಾಡಲ್ಲ."

"ಎಷ್ಟು ಸಲೀಸಾಗಿ ಹೇಳಿದ್ರಿ!" ಎಂದ ಮ್ಯಾನೇಜರ್. ಅದೇ ಕೇಸೀನ್, ಅದೇ ಮಡಿಚಿದ ಪ್ರೋಟೀನ್, ಹಿರಿಸೊಸೆ ಹೋದ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದಾಗ ಈ ಮಹಾಶಯ ಆಕಳಿಸಿದ್ದ. ಯಾರ ಹೊಟ್ಟೆ ತಾನೇ ಉರಿಯುವುದಿಲ್ಲ ಹೇಳಿ.

ಪರೀಕ್ಷೆಯ ದಿನ ಬಂತು. ಬತ್ತಿಸಿದ ಹಾಲಿಗೆ ಕೊನೆಯಲ್ಲಿ ಹುಳಿ ತಗ್ಗಿಸುವ ಫಾಸ್ಫೇಟ್ ಉಪ್ಪನ್ನು ಚೂರು ಬೆರೆಸಿ ಹುಳಿಯನ್ನು ಹದಕ್ಕೆ ತರಬೇಕು. ಹದ ಅತ್ತ ತಪ್ಪಿದರೂ ಗಡ್ಡೆ, ಇತ್ತ ತಪ್ಪಿದರೂ ಗಡ್ಡೆ. ಹುಡುಗಿ ಹುಳಿ ಅಳೆಯುವ ಮೀಟರಿನ ಕಡ್ಡಿಯನ್ನು ಹಾಲಿಗೆ ಅದ್ದಿದಳು. ಹಾಲಿನಿಂದ ಇನ್ನೂ ಹಬೆ ಏಳುತ್ತಿತ್ತು. ಮೀಟರಿಗೆ ಉಷ್ಣತೆಯ ಗುಂಡಿ ಇದೆ, ಬಿಸಿಯನ್ನು ಅದೇ ಲೆಕ್ಕಕ್ಕೆ ಹಿಡಿಯುತ್ತದೆ ಎಂದು ನಂಬಿದ್ದಳು. ಆ ಗುಂಡಿ ಸರಿಪಡಿಸುವುದು ಮೀಟರಿನ ತಪ್ಪನ್ನು ಮಾತ್ರ. ಬಿಸಿಯಲ್ಲಿ ಹಾಲೇ ಹೆಚ್ಚು ಹುಳಿಯಾಗಿರುತ್ತದೆ, ತಣಿದ ಮೇಲೆ ಮತ್ತೆ ತನ್ನ ಹದಕ್ಕೆ ಬರುತ್ತದೆ.

"ಹುಳಿ ಜಾಸ್ತಿ ಇದೆ ಅಲ್ವಾ ಅಕ್ಕ?"

ತಣಿಸಿ ಅಳೆಯೇ ಎಂಬ ಮಾತು ಹಿರಿಸೊಸೆಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

"ಮೀಟರ್ ಹಾಗೇ ತೋರಿಸ್ತಿದೆ," ಎಂದಳು. ಸುಳ್ಳಂತೂ ಹೇಳಲಿಲ್ಲ.

ಹುಡುಗಿ ಧಾರಾಳವಾಗಿ ಉಪ್ಪು ಬೆರೆಸಿದಳು. ಮರುದಿನ ಬೆಂದು ಬಂದ ಡಬ್ಬಿಗಳನ್ನು ಅಲ್ಲಾಡಿಸಿದರೆ ಒಂದರಲ್ಲೂ ಹಾಲು ಕುಲುಕುವ ಸದ್ದಿಲ್ಲ. ಒಡೆದು ನೋಡಿದರೆ ಬರೀ ಗಡ್ಡೆ.

ಮ್ಯಾನೇಜರ್ ಇಬ್ಬರನ್ನೂ ಕರೆಸಿದ. "ಅಳತೆ ಏನಾದ್ರೂ ತಪ್ಪಿತಾ?"

"ಇಲ್ಲ ಸಾರ್," ಎಂದಳು ಹುಡುಗಿ. ಕಣ್ಣು ತುಂಬಿತ್ತು. "ಅಕ್ಕ ಪಕ್ಕದಲ್ಲೇ ಇದ್ರು. ತಪ್ಪಿದ್ರೆ ಬಿಡ್ತಿದ್ರಾ? ನನ್ನ ವಿಧಾನವೇ ಸರಿಯಿಲ್ಲ."

"ಹಾಗಾದ್ರೆ ಅದನ್ನ ಇಲ್ಲಿಗೇ ಬಿಡಿ. ಕುರ್ಚಿ ಹಿರಿಯರಿಗೇ ಇರಲಿ."

ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಹಿರಿಸೊಸೆ ಹುಡುಗಿಯತ್ತ ನೋಡಿದಳು. ಅಳುವಾಗಲೂ ಲಕ್ಷಣವಾಗಿ ಕಾಣುತ್ತಾಳಲ್ಲ ಇವಳು ಎಂದು ಮತ್ತೊಮ್ಮೆ ಉರಿಯಿತು. ಹೊಟ್ಟೆಕಿಚ್ಚು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಆ 'ಬಿಡ್ತಿದ್ರಾ' ಎಂಬ ಮಾತನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

"ಬಿಟ್ಟೆ," ಎಂದಳು. "ಹಾಲು ಬಿಸಿ ಇತ್ತು. ನೋಡಿಯೂ ಸುಮ್ಮನಿದ್ದೆ. ತಣಿಸಿ ಅಳೆದು ಇನ್ನೊಂದ್ಸಲ ಮಾಡಿಸಿ ಸಾರ್. ಅವಳ ವಿಧಾನ ಸರಿಯಾಗೇ ಇದೆ."

ಮ್ಯಾನೇಜರ್ ಪಿಳಿಪಿಳಿ ಕಣ್ಣು ಬಿಟ್ಟ. ಹುಡುಗಿ ಅಂಗೈಯಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ಹಿರಿಸೊಸೆಗೆ ಹಾಯೆನಿಸುತ್ತಿತ್ತು, ಅವಳು ಬೈಯಲಿಲ್ಲ.

"ನಾಳೆ ತಣಿಸಿ ಅಳೀತೀನಿ, ಮೇಡಂ," ಎಂದಳು ಅಷ್ಟೆ.

ಸಂಜೆ ಹಿರಿಸೊಸೆ ಬ್ಯಾಗು ಹಿಡಿದು ಹೊರಟಾಗ, ಸಿಂಕಿನ ಬಳಿ ಗಾಜು ತೊಳೆಯುವ ಹೆಂಗಸಿನ ಭುಜ ಮುಟ್ಟಿ ಹುಡುಗಿ ನಗುತ್ತಾ, "ಬರ್ತೀನಿ ಅಕ್ಕ," ಎನ್ನುತ್ತಿದ್ದಳು. ಹಿರಿಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಒದ್ದೆ ಕೈಯ ಆ ಹೆಂಗಸನ್ನು ಕಂಡು ಅವಳಿಗೆ ಹೊಟ್ಟೆ ಉರಿದುಹೋಯಿತು.