ಎಣ್ಣೆಯೊಳಗೊಂದು ಗುಳ್ಳೆ

ತುಮಕೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಯಾಜ್ ಅಹಮದ್‌ಗೆ ಮೂವತ್ತೊಂದು ದಾಟಿದರೂ ಮದುವೆಯಾಗಿರಲಿಲ್ಲ. ಕಾರಣ ಗುಳ್ಳೆ ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು. ಅವನ ಸಂಶೋಧನೆಯೇ ಅದು. ಗಾಜಿನ ಪಾತ್ರೆಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆ, ಅದರೊಳಗೆ ಎದುರುಬದುರಾಗಿ ಎರಡು ಹಿತ್ತಾಳೆ ಗುಂಡು, ನಡುವೆ ಸಿರಿಂಜಿನಿಂದ ಬಿಟ್ಟ ಒಂದು ಗಾಳಿಗುಳ್ಳೆ. ಗುಂಡುಗಳಿಗೆ ಕೊಡುವ ವೋಲ್ಟೇಜನ್ನು ಏರಿಸುತ್ತ ಹೋದರೆ ಗುಳ್ಳೆಯೊಳಗೆ ನೇರಳೆ ಬೆಳಕು ಮಿನುಗುತ್ತಿತ್ತು. ಅದು ಎಷ್ಟು ವೋಲ್ಟಿಗೆ ಮಿನುಗುತ್ತದೆ ಎಂದು ನೋಡುವುದರಲ್ಲೇ ಅವನ ಭಾನುವಾರಗಳು ಕಳೆಯುತ್ತಿದ್ದವು. ಅದೂ ಕರೆಂಟ್ ಇದ್ದರೆ. ಎಂಬತ್ತಮೂರರ ಆ ಬೇಸಿಗೆಯಲ್ಲಿ ವಿದ್ಯುತ್ ಸಂಶೋಧಕನಿಗೆ ವಿದ್ಯುತ್ತೇ ದುರ್ಲಭವಾಗಿತ್ತು.

ಕೊನೆಗೆ ಅವನ ತಾಯಿ ಗುಬ್ಬಿಯಲ್ಲಿ ಒಂದು ಹೆಣ್ಣು ಹುಡುಕಿದರು. ಪಾತ್ರೆ ಅಂಗಡಿಯ ಖುರ್ಷಿದ್ ಪಾಷಾ ಅವರ ಮಗಳು ತಾಜುನ್ನೀಸಾ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಯಾಜ್ ಧೈರ್ಯಕ್ಕೆಂದು ರಸಾಯನಶಾಸ್ತ್ರದ ಕದರಯ್ಯನನ್ನೂ ಕರೆದುಕೊಂಡು ಹೋದ. ಕದರಯ್ಯನಿಗೆ ಉರ್ದು ಬಾರದೆಂದು ಮನೆಯವರೆಲ್ಲ ಕನ್ನಡದಲ್ಲೇ ಮಾತಾಡಿದರು.

"ಏನ್ ಕೆಲ್ಸ ಮಾಡ್ತೀರಪ್ಪ, ಪಾಠ ಬಿಟ್ಟು?" ಪಾಷಾ ಕೇಳಿದರು.

ಅಷ್ಟು ಸಾಕಾಯಿತು. ನಯಾಜ್ ಶರಬತ್ತಿನ ಲೋಟ ಎತ್ತಿಹಿಡಿದು ಶುರುಮಾಡಿದ. ಎಣ್ಣೆ ಗಟ್ಟಿ, ಸುಲಭಕ್ಕೆ ಕಿಡಿ ಬಿಡುವುದಿಲ್ಲ. ಗುಳ್ಳೆಯೊಳಗಿನ ಗಾಳಿ ಬಡಪಾಯಿ, ಮೊದಲು ಅದೇ ಸೋಲುತ್ತದೆ. ಸಾಲದ್ದಕ್ಕೆ ವಿದ್ಯುತ್ ಕ್ಷೇತ್ರವೂ ಗುಳ್ಳೆಯೊಳಗೇ ಜೋರು. ಕದರಯ್ಯ ಮೇಜಿನಡಿ ಅವನ ಕಾಲು ತುಳಿದ. ನಯಾಜ್ ಕಾಲನ್ನು ಆಚೆ ಸರಿಸಿ ಮುಂದುವರಿಸಿದ.

ಬಾಗಿಲ ಬಳಿ ನಿಂತಿದ್ದ ತಾಜುನ್ನೀಸಾ ಕೇಳಿದಳು: "ಗುಳ್ಳೆ ನಡುವೆ ತೇಲ್ತಿದ್ರೂ ಅಷ್ಟೇನಾ, ಗುಂಡಿಗೆ ಅಂಟ್ಕೊಂಡಿದ್ರೂ ಅಷ್ಟೇನಾ?"

"ಎಲ್ಲಿದ್ರೂ ಒಂದೇ," ಎಂದ ನಯಾಜ್.

"ನೋಡಿದೀರಾ?"

"ನೋಡೋದೇನಿದೆ?"

"ಓಹೋ. ನೋಡ್ದೇನೇ ಗೊತ್ತಾಗೋ ಸೈನ್ಸು," ಎಂದು ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ನಗು ಕೇಳಿಸಿತು.

ಬಸ್ಸಿನಲ್ಲಿ ಕದರಯ್ಯ ಕೇಳಿದ, "ಹುಡುಗಿ ಹೆಂಗವ್ಳೆ?"

"ಅಂಟ್ಕೊಂಡ್ರೆ ಗುಳ್ಳೆ ಆಕಾರ ಬದಲಾಗುತ್ತೆ ಕಣೋ. ಲೋಹದಿಂದ ಎಲೆಕ್ಟ್ರಾನೂ ಸಿಗ್ಬೋದು."

"ಮುಗೀತು ನಿನ್ ಕತೆ," ಎಂದು ಕದರಯ್ಯ ಕಿಟಕಿ ಕಡೆ ತಿರುಗಿದ.

ಹೆಣ್ಣಿನ ಮನೆಯಿಂದ ಉತ್ತರ ಬರಲಿಲ್ಲ. ತಾಯಿ ದಿನವೂ ಅಂಚೆಯವನ ದಾರಿ ನೋಡಿದರು. ಮಗ ಮಾತ್ರ ಸಿರಿಂಜಿನ ಸೂಜಿ ಬಗ್ಗಿಸಿ ಗುಳ್ಳೆಯನ್ನು ಗುಂಡಿಗೆ ಅಂಟಿಸಲು ಒದ್ದಾಡುತ್ತಿದ್ದ. ಅಂಟಿಕೊಂಡದ್ದು ತೇಲುವುದಕ್ಕಿಂತ ಕಡಿಮೆ ವೋಲ್ಟಿಗೇ ಮಿನುಗಿತು. ಮತ್ತೆ ಮಾಡಿದ, ಮತ್ತೂ ಹಾಗೇ. ಕೈ ಕೂಡ ಒರೆಸಿಕೊಳ್ಳದೆ ಗುಬ್ಬಿ ಬಸ್ಸು ಹತ್ತಿದ.

ಬಾಗಿಲು ತೆರೆದ ಪಾಷಾ ಗಾಬರಿಯಾದರು. "ಅಪ್ಪಾ, ನಾವೇ ಹೇಳಿ ಕಳಿಸ್ತಿದ್ವಲ್ಲ. ಉತ್ತರಕ್ಕೆ ನೀವೇ ಬರೋದಾ?"

"ಉತ್ತರ ಕೇಳೋಕಲ್ಲ, ಹೇಳೋಕೆ ಬಂದೆ," ಎಂದ ನಯಾಜ್. "ನಿಮ್ಮ ಮಗಳಿಗೆ ಹೇಳಿ, ಎಲ್ಲಿದ್ರೂ ಒಂದೇ ಅಲ್ಲ. ನಾನು ಹೇಳಿದ್ದು ತಪ್ಪು."

ಪಾಷಾ ಅವರಿಗೆ ತಲೆಬುಡ ತಿಳಿಯಲಿಲ್ಲ. ತಾಜುನ್ನೀಸಾ ಹೊರಗೆ ಬಂದಳು. ಅವನ ಅಂಗಿಯ ಎಣ್ಣೆ ಕಲೆ ನೋಡಿದಳು. ಎಷ್ಟು ಸಲ ನೋಡಿದಿರಿ, ಗುಳ್ಳೆ ಒಂದೇ ಗಾತ್ರದ್ದಿತ್ತೇ ಎಂದೆಲ್ಲ ವಿಚಾರಿಸಿದಳು. ಅವನು ನಿಂತುಕೊಂಡೇ ಎಲ್ಲ ಒಪ್ಪಿಸಿದ.

"ಇಷ್ಟು ಹೇಳೋಕೆ ಬಂದ್ರಾ?"

"ಹೂಂ. ಬರ್ತೀನಿ."

"ನಮ್ ಕಡೆ ಉತ್ತರ ಬೇಡ್ವಾ?"

ಆಗಷ್ಟೇ ನಯಾಜ್‌ಗೆ ತಾನು ಯಾರ ಮನೆ ಬಾಗಿಲಲ್ಲಿ ನಿಂತಿದ್ದೇನೆಂಬುದು ಹೊಳೆಯಿತು. ಕಿವಿ ಕೆಂಪಾಯಿತು.

"ಒಪ್ಪಿಗೆ ಅಂತ ನಿಮ್ಮಮ್ಮಂಗೆ ಹೇಳಿ," ಎಂದಳು ಅವಳು. "ತಪ್ಪು ಅಂತ ಬಸ್ ಹತ್ತಿ ಬಂದು ಹೇಳೋ ಗಂಡಸನ್ನ ನಾನಂತೂ ನೋಡಿರ್ಲಿಲ್ಲ."

ಮದುವೆಯಾಗಿ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದರು. ಮೊದಲ ಭಾನುವಾರ ದೇವರಾಯನದುರ್ಗದ ಬೆಟ್ಟಕ್ಕೆ ಹೋಗುವುದೆಂದು ಬುತ್ತಿ ಕಟ್ಟಿಕೊಂಡು ಹೊರಟವರು, ದಾರಿಯಲ್ಲಿ ಒಂದೇ ಒಂದು ಸಲವೆಂದು ಲ್ಯಾಬಿಗೆ ಹೊಕ್ಕರು. ತಾಜುನ್ನೀಸಾ ಸಿರಿಂಜು ಒತ್ತಿದಳು, ನಯಾಜ್ ವೋಲ್ಟೇಜ್ ಏರಿಸಿದ. ಗುಳ್ಳೆ ನೇರಳೆಯಾಗಿ ಹೊಳೆದು ಉದ್ದಕ್ಕೆ ಎಳೆದುಕೊಂಡು ಚಟ್ಟೆಂದು ಸಿಡಿಯಿತು. ಅವಳು ಬೆಚ್ಚಿ ಗಂಡನ ತೋಳು ಹಿಡಿದಳು.

"ಹೋಗೋಣ್ವಾ, ಬಸ್ಸಿಗೆ ಹೊತ್ತಾಯ್ತು," ಎಂದ ನಯಾಜ್.

"ಬೆಟ್ಟ ಎಲ್ಲಿಗೂ ಹೋಗಲ್ಲ ಬಿಡಿ," ಎಂದು ಅವಳು ಸಿರಿಂಜಿಗೆ ಮತ್ತೆ ಗಾಳಿ ಎಳೆದುಕೊಂಡಳು.