ಬಾಣಂತಿ ಕೋಣೆಯ ಮಾತ್ರೆಗಳು

ಜಗಲಿಯ ಮೂಲೆಯಲ್ಲಿ ಎಳೆಬಿಸಿಲು ಚೌಕವಾಗಿ ಬೀಳುತ್ತಿತ್ತು. ಎಣ್ಣೆನೀರು ಮುಗಿದ ಮೇಲೆ ಅಮ್ಮ ನನ್ನನ್ನೂ ಕೂಸನ್ನೂ ಅಲ್ಲಿ ಕೂರಿಸುತ್ತಿದ್ದಳು. ಬಾಣಂತಿಗೆ ಬಿಸಿಲು ಒಳ್ಳೆಯದೆಂಬುದು ಊರಿನ ನಂಬಿಕೆ. ನನಗೆ ಮಾತ್ರ ಬಿಸಿಲೇ ಶತ್ರುವಾಗಿತ್ತು.

ಮದುವೆಯಾದ ಮರುವರ್ಷ ನನಗೆ ಲೂಪಸ್ ಇದೆಯೆಂದು ಗೊತ್ತಾಗಿತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಅದು. ಬಿಸಿಲು ಕೂಡದು, ಬಾಣಂತನದಲ್ಲೂ ಮಾತ್ರೆ ಬಿಡಕೂಡದು, ಬಿಟ್ಟರೆ ಕಿಡ್ನಿಗೇ ಅಪಾಯ ಎಂದು ಡಾಕ್ಟರು ಎಚ್ಚರಿಸಿದ್ದರು. ಹೆರಿಗೆಯಾಗಿ ತವರಿಗೆ ಬಂದ ದಿನವೇ ಅಮ್ಮ ಮಾತ್ರೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ಹಾಲು ಕುಡಿಯೋ ಕೂಸು ಕಣೇ. ನೀನು ನುಂಗಿದ್ದೆಲ್ಲ ಅದರ ಹೊಟ್ಟೆಗೇ ಹೋಗುತ್ತೆ. ಬಾಣಂತನ ಮುಗೀಲಿ, ಆಮೇಲೆ ನುಂಗು."

"ಡಾಕ್ಟ್ರು ನುಂಗಬಹುದು ಅಂದಿದಾರಮ್ಮ."

"ಡಾಕ್ಟ್ರೇನು ಬಾಣಂತನ ಮಾಡಿದಾರಾ?"

ಗೋಗರೆದೆ, ಜಗಳವಾಡಿದೆ, ಊಟ ಬಿಟ್ಟೆ. ಅಮ್ಮ ಜಗ್ಗಲಿಲ್ಲ. ಬೈದು ದೂರವಿಡುವವರೊಡನೆ ಹೇಗೋ ಸೆಣಸಬಹುದು. ತಲೆಗೆ ಎಣ್ಣೆ ತಟ್ಟುತ್ತ ಕೊಲ್ಲುವವಳೊಡನೆ ಏನು ಮಾಡುವುದು? ಕೆಲವೇ ದಿನಗಳಲ್ಲಿ ಬೆರಳ ಗೆಣ್ಣುಗಳು ಬಿಗಿದು ಕೂಸನ್ನು ಎತ್ತಿಕೊಳ್ಳುವುದೂ ಕಷ್ಟವಾಯಿತು. ಕಾಲು ಊದಿತು. ಆ ಬಿಸಿಲಿನ ಚೌಕದಿಂದ ಎದ್ದಾಗಲೆಲ್ಲ ಕೆನ್ನೆ ಉರಿಯುತ್ತಿತ್ತು. "ಮುಖಕ್ಕೆ ಎಂಥ ಬಣ್ಣ ಬಂತು ನೋಡು!" ಎಂದು ಅಮ್ಮ ಸಂತೋಷದಿಂದ ನೆಟಿಗೆ ಮುರಿದು ದೃಷ್ಟಿ ತೆಗೆದಳು. ನನಗೆ ಸಾಯುವ ಭಯವಾಗಿತ್ತು.

ತೊಟ್ಟಿಲು ಶಾಸ್ತ್ರದ ದಿನ ಅತ್ತೆ ಚಂಪಕಮ್ಮ ಬಂದರು. ಬಾಯಿಜೋರಿನ ಹೆಂಗಸು. ರೋಗಿಷ್ಟ ಸೊಸೆ ಗಂಟುಬಿದ್ದಳೆಂದು ಮೊದಮೊದಲು ಗೊಣಗಿದವರು. ಆದರೂ ಪ್ರತಿ ಸಲ ನನ್ನ ಜೊತೆ ಆಸ್ಪತ್ರೆಗೆ ಬಂದು ಡಾಕ್ಟರ ತಲೆ ತಿಂದವರೂ ಅವರೇ. ಕೂಸಿಗಿಂತ ಮೊದಲು ನನ್ನ ಮುಖ ನೋಡಿದರು. ಮೂಗಿನ ಎರಡೂ ಬದಿಗೆ ಕೆಂಪು ಹರಡಿತ್ತು. ಬಗ್ಗಿ ನನ್ನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಕುಳಿ ಹಾಗೇ ಉಳಿಯಿತು.

"ಮಾತ್ರೆ ಎಲ್ಲಿ?"

ನನ್ನ ಕಣ್ಣು ಬೀರುವಿನತ್ತ ಹೋಯಿತು.

"ಬೀಗರೇ, ನಿಮ್ಮನ್ನೇ ಕೇಳ್ತಿರೋದು."

ಅಮ್ಮ ಸೆರಗು ಹಿಂಡಿದಳು. "ಕೂಸಿಗೋಸ್ಕರ ನಿಲ್ಲಿಸಿದೆ..."

"ಇವಳು ಯಾರ ಕೂಸು?"

ಶಾಸ್ತ್ರ ಅಲ್ಲಿಗೇ ನಿಂತಿತು. ಅತ್ತೆ ನನ್ನನ್ನೂ ಅಮ್ಮನನ್ನೂ ಆಗಲೇ ಆಸ್ಪತ್ರೆಗೆ ಹೊರಡಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನೂ ತಡವಾಗಿದ್ದರೆ ಕಿಡ್ನಿ ಉಳಿಯುತ್ತಿರಲಿಲ್ಲವೆಂದರು. ಈ ಮಾತ್ರೆಗಳಿಂದ ಹಾಲಿಗೆ ತೊಂದರೆಯಿಲ್ಲವೆಂದು ಅಮ್ಮನಿಗೇ ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿದಳು. ಪೂರ್ತಿ ನಂಬಿದಂತೆ ಕಾಣಲಿಲ್ಲ.

ಆದರೂ ಮರುದಿನ ಅಮ್ಮನೇ ಮಾತ್ರೆಯನ್ನು ನನ್ನ ಬಾಯಿಗಿಟ್ಟು ನೀರು ಕುಡಿಸಿದಳು. ಕೂಸು ಹಾಲು ಕುಡಿದು ನನ್ನ ಮಗ್ಗುಲಲ್ಲಿ ನಿದ್ದೆಹೋಯಿತು. ಅಮ್ಮ ಒಂದು ಕೈಯನ್ನು ಅದರ ಎದೆಯ ಮೇಲೆ, ಇನ್ನೊಂದನ್ನು ನನ್ನ ಎದೆಯ ಮೇಲೆ ಇಟ್ಟು, ಇಬ್ಬರ ಉಸಿರನ್ನೂ ಕಾಯುತ್ತ ಕೂತೇ ಇದ್ದಳು.