ಗಗನನ ಜಡೆ

ನಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ಎರಡು ಜಡೆ ಹಾಕಬೇಕಿತ್ತು. ಒಂದು ಮಗಳು ಅಮೃತಳದು, ಇನ್ನೊಂದು ಮಗ ಗಗನನದು. ಮಗಳದು ಇಲಿಯ ಬಾಲ. ಮಗನದು ಸೊಂಟದವರೆಗೆ, ದಪ್ಪ, ಕಪ್ಪು. ಯಾವ ಹೆಂಗಸು ನೋಡಿದರೂ ಹೊಟ್ಟೆ ಉರಿದುಕೊಳ್ಳಬೇಕು. ದೇವರು ಹಂಚುವಾಗ ಇವಳ ಪಾಲನ್ನೂ ಅವನಿಗೇ ಕೊಟ್ಟುಬಿಟ್ಟಿದ್ದಾನೆ ಅಂತ ಬಾಚಣಿಗೆ ಹಿಡಿದಾಗಲೆಲ್ಲ ಗೊಣಗುತ್ತಿದ್ದೆ. ಒಲೆ ಮೇಲೆ ಹಾಲು ಉಕ್ಕುತ್ತಿರುತ್ತದೆ, ಡಬ್ಬಿಗೆ ಚಿತ್ರಾನ್ನ ತುಂಬಿರಲ್ಲ, ಅತ್ತೆ ಬಿಸಿನೀರು ಅಂತ ಕೂಗುತ್ತಿರುತ್ತಾರೆ. ನನಗೆ ಮೊದಲೇ ಮೂಗಿನ ತುದೀಲಿ ಕೋಪ. ಸಿಕ್ಕು ಬಿಡಿಸುವಾಗ ಕೈ ಒಂದಿಷ್ಟು ಜೋರಾಗೇ ಹೋಗುತ್ತಿತ್ತು. ಆ ಹುಡುಗ ಅಳುತ್ತಿರಲಿಲ್ಲ. “ಅವ್ವ, ವಸಿ ಮೆಲ್ಲಗೆ” ಅನ್ನುತ್ತಿದ್ದ, ಅಷ್ಟೆ.

ಅದು ಹರಕೆಯ ಕೂದಲು. ಗಗನ ಇನ್ನೂ ಎದೆಹಾಲಿನ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಫಿಟ್ಸ್ ಬಂದು ಮಳವಳ್ಳಿ ಆಸ್ಪತ್ರೆಗೆ ಸೇರಿಸಿದ್ದೆವು. ನನ್ನತ್ತೆ ಚಿಕ್ಕನಂಜಮ್ಮ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಮುತ್ತತ್ತಿ ಇರುವ ದಿಕ್ಕಿಗೆ ಕೈ ಮುಗಿದು, ಮಗು ಉಳಿದರೆ ಅದರ ಹುಟ್ಟುಗೂದಲು ನಿನ್ನದೇ ಕಣಪ್ಪ ಅಂತ ಆಂಜನೇಯನಿಗೆ ಹೇಳಿಕೊಂಡರು. ಮಗು ಉಳಿಯಿತು. ಕೂದಲೂ ಉಳಿಯಿತು. ಯಾಕೆಂದರೆ ಮುಡಿ ಕೊಡುವಾಗ ಮಗು ಸೋದರಮಾವನ ತೊಡೆ ಮೇಲೆ ಕೂರಬೇಕು, ಮೊದಲ ಕತ್ತರಿ ಅವನೇ ಹಾಕಬೇಕು. ನಮ್ಮ ಮಕ್ಕಳ ಸೋದರಮಾವ, ಅಂದರೆ ನನ್ನ ಅಣ್ಣ ಮಾದೇಶ, ನನ್ನ ಗಂಡ ಸಿದ್ದರಾಮು ಜೊತೆ ಮಾತು ಬಿಟ್ಟಿದ್ದ.

ಜಗಳದ ಕಾರಣ ಕೇಳಿದರೆ ನೀವು ನಗುತ್ತೀರಿ. ಆ ವರ್ಷವೇ ಈ ಮನೆಯ ಗೃಹಪ್ರವೇಶವಾದ ಮಾರನೇ ದಿನ ಬಾಡೂಟ ಇಟ್ಟುಕೊಂಡಿದ್ದೆವು. ಅಣ್ಣ ತವರಿನ ಪರವಾಗಿ ಹೊಸಬಟ್ಟೆ, ಹಣ್ಣುಕಾಯಿ ಎಲ್ಲಾ ಹೊತ್ತುಕೊಂಡು ಬಂದಿದ್ದ. ನನ್ನ ಗಂಡನಿಗೆ ಬ್ಲಫ್ ಅನ್ನುವ ಊರಿನ ಪವರ್ ಹೌಸಲ್ಲಿ, ಕರೆಂಟು ತಯಾರಿಸುವ ಕಡೆ, ಕೆಲಸ. ಅಲ್ಲಿನ ಜನ ಬಂದರು ಅನ್ನುವ ಸಡಗರದಲ್ಲಿ ಅವರನ್ನೆಲ್ಲ ಮೊದಲ ಪಂಕ್ತಿಗೆ ಕೂರಿಸಿ, ಅಣ್ಣನನ್ನು ಮರೆತೇಬಿಟ್ಟರು. ಎರಡನೇ ಪಂಕ್ತಿ ಕೂರುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು. ಅಣ್ಣನ ಎಲೆಗೆ ಬಿದ್ದದ್ದು ಎರಡು ಮೂಳೆ, ಒಂದು ಸೌಟು ಸಾರು. ಅವನು ಉಣ್ಣದೆ ಎದ್ದ. ಇವರಾದರೂ ಸುಮ್ಮನಿರಬೇಕಲ್ಲ, “ಅಸ್ದಿದ್ರೆ ಉಣ್ತಿದ್ರು, ಬುಡು” ಅಂದುಬಿಟ್ಟರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಗಗನನ ಮುಡಿ ಮೂರನೇ ವರ್ಷಕ್ಕೂ ಆಗಲಿಲ್ಲ, ಐದನೇ ವರ್ಷಕ್ಕೂ ಆಗಲಿಲ್ಲ. ಜಡೆ ಮಾತ್ರ ಯಾರ ಮೇಲೂ ಮುನಿಸಿಕೊಳ್ಳದೆ ಬೆಳೆಯುತ್ತಾ ಹೋಯಿತು.

ಇದರಲ್ಲಿ ಇನ್ನೂ ಒಂದು ತಮಾಷೆ ಇದೆ. ಅಣ್ಣ ದಿನಾ ನಮ್ಮ ಬಾಗಿಲಿಗೆ ಬರುತ್ತಿದ್ದ. ಹಲಗೂರಿನ ಶಾಲೆಗೆ ನಮ್ಮ ಕಡೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಅವನದೇ. ಅಮೃತ ಹೋದ ವರ್ಷದಿಂದ ಅದರಲ್ಲೇ ಹೋಗುತ್ತಾಳೆ. ಮಕ್ಕಳ ಮೇಲೆ ಏನು ಕೋಪ ಅಂತ ಇಬ್ಬರೂ ಅಷ್ಟರ ಮಟ್ಟಿಗೆ ದೊಡ್ಡ ಮನಸ್ಸು ಮಾಡಿದ್ದರು. ಗೇಟಿನ ಮುಂದೆ ಹಾರನ್ ಆದ ಕೂಡಲೇ ನನ್ನ ಗಂಡ ಹಿತ್ತಲಿಗೆ ಹೋಗುತ್ತಿದ್ದರು. ಅಣ್ಣ ಎಂಜಿನ್ನು ಆರಿಸದೆ ನೆಟ್ಟಗೆ ರಸ್ತೆ ನೋಡುತ್ತಾ ಕೂರುತ್ತಿದ್ದ. “ಚೆನ್ನಾಗಿದ್ದೀಯಾ ಅಣ್ಣ?” ಅಂದರೆ “ಊಂ.” ಅಷ್ಟಕ್ಕೆ ವ್ಯಾನು ಹೊರಡುತ್ತಿತ್ತು. ನನ್ನ ತವರು ದಿನಾ ಗೇಟಿನ ತನಕ ಬಂದು ವಾಪಸ್ಸು ಹೋಗುತ್ತಿತ್ತು. ಆ ಹಾರನ್ ಕೇಳಿದರೇ ನನಗೆ ಸಂಕಟವಾಗುತ್ತಿತ್ತು.

ಈ ಜೂನಿನಲ್ಲಿ ಗಗನನನ್ನೂ ಅದೇ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಿದೆವು. ಅಲ್ಲಿಯ ತನಕ ಊರ ಅಂಗನವಾಡಿ. ಅಲ್ಲಿ ಅವನ ಜಡೆಯನ್ನು ಯಾರೂ ಕೇಳಿದವರಿಲ್ಲ, ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಹರಕೆ ಇದ್ದೇ ಇರುತ್ತದೆ. ಮೊದಲ ದಿನ ಹೊಸ ಚಡ್ಡಿ, ಹೊಸ ಬ್ಯಾಗು, ಬಿಗಿಯಾದ ಜಡೆ. ಹಣೆಗೆ ಕುಂಕುಮ ಇಟ್ಟು ಕಳಿಸಿದೆ. ವ್ಯಾನಿನ ಕಿಟಕಿಯಿಂದ ಕೈ ಆಡಿಸಿದ್ದೇ ಆಡಿಸಿದ್ದು.

ಸಂಜೆ ಇಳಿದವನು ನನ್ನ ಮುಖ ನೋಡದೆ ಒಳಗೆ ಹೋಗಿ ಮಂಚದ ಕೆಳಗೆ ಸೇರಿಕೊಂಡ. ಅಮೃತ ನನ್ನ ಸೆರಗು ಎಳೆದು ಕಿವಿಯಲ್ಲಿ ಹೇಳಿದಳು. ಟಾಯ್ಲೆಟ್ಟಿಗೆ ಹೋದಾಗ ದೊಡ್ಡ ಹುಡುಗರು “ಇದು ಗಂಡೈಕ್ಳುದು, ಆ ಕಡೀಕೆ ಓಗಮ್ಮಿ” ಅಂತ ಜಡೆ ಹಿಡಿದು ಆಚೆ ತಳ್ಳಿದರಂತೆ. ಆ ಕಡೆಗೆ ಹೋದರೆ ಹುಡುಗಿಯರು ಚಡ್ಡಿ ನೋಡಿ ಕಿರುಚಿ ಓಡಿಸಿದರಂತೆ. ಎರಡರ ನಡುವೆ ನಿಂತು ನಿಂತು ಚಡ್ಡಿ ಒದ್ದೆಯಾಯಿತಂತೆ.

ನನಗೆ ಅಳು ಬಂತು. ಅದಕ್ಕಿಂತ ಮೊದಲು ಕೋಪ ಬಂತು, ಯಾರ ಮೇಲೆ ಅಂತ ಗೊತ್ತಾಗದ ಕೋಪ. ಮಂಚದ ಕೆಳಗೆ ಬಗ್ಗಿ ಕರೆದೆ.

“ನಾ ಇಸ್ಕೂಲ್ಗೆ ಓಗಲ್ಲ ಅವ್ವ. ಯಾವತ್ತೂವೆ ಓಗಲ್ಲ” ಅಂದ.

ಮಾರನೇ ದಿನ ನಿಜವಾಗಿಯೂ ಹೋಗಲಿಲ್ಲ. ಎಳೆದರೂ ಬರಲಿಲ್ಲ, ಲಾಡು ಕೊಡಿಸ್ತೀನಿ ಅಂದರೂ ಬರಲಿಲ್ಲ. ಹಾರನ್ ಮೂರು ಸಲ ಆಯಿತು. ಅಮೃತ ಒಬ್ಬಳೇ ಹತ್ತಿದಳು. ಮಧ್ಯಾಹ್ನ ಅವನ ಟೀಚರು ವೇದವತಿ ಮೇಡಂ ಫೋನು ಮಾಡಿ, “ಕೂದಲಿನಿಂದ ನಮಗೇನೂ ತೊಂದರೆ ಇಲ್ಲಮ್ಮ, ಆ ಹುಡುಗರಿಗೂ ಬುದ್ಧಿ ಹೇಳಿದ್ದೀನಿ, ಕಳಿಸಿಕೊಡಿ” ಅಂದರು. ಪಾಪ, ಒಳ್ಳೆಯವರು. ಆದರೆ ಮಂಚದ ಕೆಳಗಿದ್ದವನಿಗೆ ಬುದ್ಧಿ ಮಾತು ಬೇಕಿರಲಿಲ್ಲ, ಜಡೆ ಹೋಗಬೇಕಿತ್ತು.

ಡ್ಯೂಟಿ ಮುಗಿಸಿ ಬಂದ ನನ್ನ ಗಂಡ ವಿಷಯ ಕೇಳಿ ಬೈಕಿನ ಕೀ ಕೆಳಗಿಡಲೇ ಇಲ್ಲ. “ಎಬ್ಬುಸು ಅವನ್ನ. ಈಗ್ಲೇ ಅಲಗೂರಿಗೆ ಕರ್ಕೊಂಡೋಗಿ ಸಲೂನಲ್ಲಿ ಕೂರುಸ್ತೀನಿ.”

ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಅರಕೆ ಕೂದ್ಲಾ ಸಲೂನ್ ನೆಲದ ಮ್ಯಾಲೆ ಉದುರ್ಸೀಯಾ? ನಾ ಬದುಕಿರೋಗಂಟ ಆಗಕಿಲ್ಲ ಕಣ್ಲಾ.”

“ಅಂಗಾರೆ ಇವಳಣ್ಣನ್ನ ಬರೋಕೇಳು.”

“ಅವನಾಗವನೇ ಯಾಕ್ಲಾ ಬಂದಾನು? ಕರೆಯೋರು ಕರೀಬೇಕು. ಈ ಮನೆಯಿಂದ ಎಲೆ ಅಡ್ಕೆ ತಕ್ಕೊಂಡೋಗಿ ಕೈಗಿಟ್ಟು, ‘ಬಾರಪ್ಪ, ನಮ್ಮ ಕೂಸಿನ ಮುಡಿಗೆ’ ಅಂದ್ರೆ ಯಾವ ಸೋದರಮಾವ ತಾನೆ ಬರಲ್ಲ ಅಂತಾನೆ? ಎಲೆ ಈಸ್ಕಂಡ ಮ್ಯಾಲೆ ಬರದೆ ಇದ್ರೆ ದ್ಯಾವ್ರೇ ಕೇಳ್ತಾನೆ ಅವನ್ನ.”

“ಉಣ್ಣೋ ಎಲೆ ಬುಟ್ಟು ಎದ್ದೋದೋನು ಅವನು. ನಾನ್ಯಾಕೆ ಎಲೆ ಇಡ್ಕೊಂಡು ಅವನ ಇಂದೆ ಓಗ್ಲಿ?”

ನಾನು ಅಡುಗೆಮನೆಗೆ ಹೋಗಿ ಅಣ್ಣನಿಗೆ ಫೋನು ಮಾಡಿದೆ. ಮಗು ಪಟ್ಟ ಪಾಡನ್ನೆಲ್ಲ ಹೇಳಿದೆ. “ಕರೆಯೋರು ಕರೆದ್ರೆ ಬತ್ತೀನಿ ಕಣಮ್ಮಿ. ನೀ ಕರೆದ್ರೆ ಆಗಕಿಲ್ಲ” ಅಂದ. ಇಬ್ಬರ ಜುಟ್ಟನ್ನೂ ಹಿಡಿದು ತಲೆ ತಲೆ ಡಿಕ್ಕಿ ಹೊಡೆಸಬೇಕು ಅನ್ನಿಸಿತು. ಆದರೆ ಇಬ್ಬರಿಗೂ ಜುಟ್ಟಿಲ್ಲ. ಜುಟ್ಟಿದ್ದ ಒಬ್ಬನೇ ಗಂಡಸು ಮಂಚದ ಕೆಳಗೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಮಾರನೇ ಬೆಳಗ್ಗೆ ಗಗನ ತಾನಾಗಿಯೇ ಎದ್ದು, ಸ್ನಾನ ಮಾಡಿ, ಬಾಚಣಿಗೆ ತಂದು ನನ್ನ ಮುಂದೆ ಕೂತ. “ಜಡೆ ಆಕು ಅವ್ವ. ಇಸ್ಕೂಲ್ಗೆ ಓಯ್ತೀನಿ.” ನನಗೆ ಆಶ್ಚರ್ಯ. ಟೀಚರು ಹೇಳಿದ್ದಕ್ಕೆ ಧೈರ್ಯ ಬಂದಿರಬೇಕು ಅಂದುಕೊಂಡೆ. ಅವತ್ತು ಮೊದಲ ಸಲ ಸಿಕ್ಕನ್ನು ಮೆಲ್ಲಗೆ ಬಿಡಿಸಿದೆ. ವ್ಯಾನು ಬಂತು, ಅಕ್ಕನ ಕೈ ಹಿಡಿದು ಹತ್ತಿದ. ಇನ್ನೊಂದು ಕೈ ಚಡ್ಡಿ ಜೇಬಿನಲ್ಲೇ ಇತ್ತು.

ವ್ಯಾನು ತಿರುವು ದಾಟಿರಲಿಲ್ಲ, ಅತ್ತೆಯ ಕೂಗು ಶುರುವಾಯಿತು. “ನನ್ನ ಸಂಚೀಲಿದ್ದ ಎಲೆ ಏನಾದ್ವು? ಆಸಾ, ನೀ ತಗುದ್ಯಾ?”

“ನಾನ್ಯಾವತ್ತು ಎಲೆ ಹಾಕ್ಕೊಂಡಿದ್ದೀನಿ ಅತ್ತೆ?”

“ಮತ್ತೆ ಎಲೆಗೆ ಕಾಲು ಬಂದ್ವಾ?” ಅಂತ ಮಧ್ಯಾಹ್ನದ ತನಕ ಆ ಸಂಚಿಯನ್ನು ಒದರಿದ್ದೇ ಒದರಿದ್ದು.

ಸಂಜೆ ವ್ಯಾನು ಬಂದು ಗೇಟಿನ ಮುಂದೆ ನಿಂತಿತು. ಹಾರನ್ ಆಗಲಿಲ್ಲ. ಎಂಜಿನ್ನು ಆರಿತು. ನನ್ನ ಗಂಡ ಜಗುಲಿಯಲ್ಲಿ ಶೂ ಬಿಚ್ಚುತ್ತಾ ಕೂತಿದ್ದರು. ಹಾರನ್ ಕೇಳದೆ ಇದ್ದದ್ದಕ್ಕೆ ಹಿತ್ತಲಿಗೆ ಓಡಲು ಪುರುಸೊತ್ತು ಸಿಗಲಿಲ್ಲ. ಅಣ್ಣ ವ್ಯಾನಿನಿಂದ ಇಳಿದ. ಅವನ ಹಿಂದೆ ಅಮೃತ, ಅವಳ ಹಿಂದೆ ಗಗನ. ಅಣ್ಣ ಗೇಟು ತೆಗೆದು ಅಂಗಳದಲ್ಲಿ ನಿಂತ. ಆ ಗೇಟನ್ನು ಅವನು ಮುಟ್ಟಿ ಎಷ್ಟು ಕಾಲವಾಗಿತ್ತೋ.

“ಬೆಳಿಗ್ಗೆ ಈ ಮನೆಯಿಂದ ನಂಗೆ ವೀಳ್ಯ ಬಂತು” ಅಂದ. ಷರ್ಟಿನ ಜೇಬಿನಿಂದ ಬಾಡಿದ ಎರಡು ವೀಳ್ಯದೆಲೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡ. ಎಲೆಯ ಮೇಲೆ ಅಡಿಕೆ ಇರಲಿಲ್ಲ. ಹಸಿರು ಕಾಗದ ಸುತ್ತಿದ ಒಂದು ಪೆಪ್ಪರ್‌ಮೆಂಟು ಇತ್ತು. “‘ಬಾ ಮಾವ ನನ್ನ ಮುಡಿಗೆ, ನಮ್ಮಪ್ಪ ಕರೀತು’ ಅಂದ ನಿಮ್ಮ ಮಗ. ಕಳುಸ್ದೋರು ಯಾರು ಅಂತ ಕೇಳನಾ ಅಂತ ಬಂದೆ.”

ನನ್ನ ಗಂಡನ ಬಾಯಿ ನನಗೆ ಗೊತ್ತು. ನಾನೆಲ್ಲಿ ಕಳಿಸಿದೆ ಅಂತ ಒಂದು ಮಾತು ಅಂದರೆ ಸಾಕು, ಅಣ್ಣ ಇನ್ನು ಈ ಜನ್ಮದಲ್ಲಿ ಆ ಗೇಟು ತೆಗೆಯಲ್ಲ. ಮಗ ಎಲ್ಲರ ಮುಂದೆ ಸುಳ್ಳುಬುರುಕನಾಗುತ್ತಾನೆ, ಮತ್ತೆ ಮಂಚದ ಕೆಳಗೆ ಹೋಗುತ್ತಾನೆ. ಗಗನ ಜಡೆಯ ತುದಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅಪ್ಪನ ಮುಖವನ್ನೇ ನೋಡುತ್ತಿದ್ದ. ಕಣ್ಣು ಮಿಟುಕಿಸಲಿಲ್ಲ.

ಅವರು ಒಂದು ಶೂ ಕಾಲಲ್ಲಿ, ಒಂದು ಶೂ ಕೈಯಲ್ಲಿ ಹಿಡಿದು ಎದ್ದು ನಿಂತರು. ಎಲೆ ನೋಡಿದರು, ಪೆಪ್ಪರ್‌ಮೆಂಟು ನೋಡಿದರು, ಕೊನೆಗೆ ಮಗನನ್ನು ನೋಡಿದರು.

“ಊಂ” ಅಂದರು. “ನಾನೇ ಕಳುಸ್ದೆ.”

ಅಣ್ಣನೂ ಬಿಡುವ ಆಸಾಮಿಯಲ್ಲ. “ಪೆಪ್ಪರ್‌ಮೆಂಟೂ ನೀನೇ ಇಟ್ಯಾ?”

“ಊಂ. ಅಡ್ಕೆ ಮುಗುದಿತ್ತು.” ಕೈಯಲ್ಲಿದ್ದ ಶೂ ಕೆಳಗಿಟ್ಟರು. “ಬಿಸ್ಲಲ್ಲಿ ಯಾಕ್ ನಿಂತಿದ್ದೀಯೆ, ಒಳೀಕೆ ಬಾ ಬಾವ.”

ಬಿಸಿಲು ಎಲ್ಲಿತ್ತು? ಮೋಡ ಮುಚ್ಚಿ ಹನಿ ಬೀಳುವ ಹಾಗಿತ್ತು. ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತು, ಆಮೇಲೆ ಕಾಫಿಗೆ ನೀರಿಟ್ಟೆ. ಹಠಮಾರಿ ಗಂಡ ಅಂತ ಎಷ್ಟೋ ಸಲ ಶಪಿಸಿದ್ದೇನೆ. ಅವತ್ತು ಅವರು ಹೇಳಿದ ಸುಳ್ಳಿಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು. ಹೊರಗೆ ಅತ್ತೆ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು, “ನನ್ನ ಸಂಚಿಗೇ ಕೈ ಆಕ್ಬುಟ್ಟಲ್ಲ ಕಳ್ಳ, ಅಡ್ಕೆ ತಳದಲ್ಲೇ ಇತ್ತು ಕಣ್ಲಾ, ಕಾಣ್ಲಿಲ್ವಾ?” ಅಂತ ಮುದ್ದು ಮಾಡುತ್ತಿದ್ದರು.

ಭಾನುವಾರ ಅಣ್ಣನ ವ್ಯಾನಿನಲ್ಲೇ ಎರಡೂ ಮನೆಯವರು ಮುತ್ತತ್ತಿಗೆ ಹೋದೆವು. ದೇವಸ್ಥಾನದ ಹತ್ತಿರ ಅಣ್ಣ ಚಕ್ಕಳಮಕ್ಕಳ ಹಾಕಿ ಕೂತು ಗಗನನನ್ನು ತೊಡೆ ಮೇಲೆ ಕೂರಿಸಿಕೊಂಡ. ಮೊದಲ ಕತ್ತರಿ ಅವನೇ ಹಾಕಿದ. ಮಗು ಅಲ್ಲಾಡಲಿಲ್ಲ. ನಾನು ಮಡಿಲಲ್ಲಿ ಹೊಸ ಬಟ್ಟೆ ಹಾಸಿಕೊಂಡು ಬೀಳುವ ಕೂದಲನ್ನು ಹಿಡಿದೆ. ಏನು ಭಾರ ಇತ್ತು ಅಂತೀರಿ! ಇಷ್ಟು ದಿನ ಈ ಭಾರವನ್ನು ಆ ಪುಟ್ಟ ಕುತ್ತಿಗೆ ಹೊತ್ತಿತ್ತಲ್ಲ, ಅದರ ಮೇಲೆ ನನ್ನ ಬೈಗುಳ ಬೇರೆ ಅಂದುಕೊಂಡೆ. ಹೊಳೆಯಲ್ಲಿ ಮುಳುಗಿಸಿ, ತಲೆಗೆ ಗಂಧ ಮೆತ್ತಿದ ಮೇಲೆ ನೀರಿನಲ್ಲಿ ತನ್ನ ಮುಖ ನೋಡಿಕೊಂಡು ಗಗನ ಒಂದೇ ಸಮನೆ ನಕ್ಕ. ಊಟಕ್ಕೆ ಕೂರುವಾಗ ನನ್ನ ಗಂಡ ಮೊದಲ ಎಲೆಯನ್ನು ಅಣ್ಣನ ಮುಂದೆ ತಾವೇ ಹಾಸಿದರು. ಅವನು ಉಂಡು ಏಳುವ ತನಕ ಸೌಟು ಹಿಡಿದು ಅಲ್ಲೇ ನಿಂತಿದ್ದರು.

ಸೋಮವಾರ ಬೆಳಗ್ಗೆ ಅಮೃತಳ ಜಡೆ ಮುಗಿಯಿತು. ಅಭ್ಯಾಸಬಲ, ಗಗನ ಬಂದು ನನ್ನ ಮುಂದೆ ಬೆನ್ನು ಹಾಕಿ ಕೂತುಬಿಟ್ಟ. ನನ್ನ ಕೈಯಲ್ಲಿ ಬಾಚಣಿಗೆ, ಅವನ ತಲೆಯಲ್ಲಿ ಏನೂ ಇಲ್ಲ. ಇಬ್ಬರಿಗೂ ನಗು ಬಂತು. ಬುರುಡೆಗೆ ಎಣ್ಣೆ ಹಚ್ಚಿ ತಟ್ಟಿದೆ. “ಅವ್ವ, ವಸಿ ಮೆಲ್ಲಗೆ” ಅಂದ.

ಹಾರನ್ ಆಯಿತು. ನನ್ನ ಗಂಡ ಎದ್ದರು. ಹಿತ್ತಲಿಗಲ್ಲ, ಅಡುಗೆಮನೆಗೆ ಹೋಗಿ ಕಾಫಿ ಲೋಟ ಎತ್ತಿಕೊಂಡು ಗೇಟಿನ ಕಡೆ ನಡೆದರು. ಅಣ್ಣ ಎಂಜಿನ್ನು ಆರಿಸಿ ಕಿಟಕಿಯಿಂದ ಕೈ ಚಾಚಿದ. ಒಂದು ಗುಟುಕು ಕುಡಿದು ಮುಖ ಕಿವುಚಿದ.

“ಸಕ್ರೆನೇ ಇಲ್ವಲ್ಲ ಬಾವ.”

“ಎಲ್ಡನೇ ಪಂಕ್ತೀದು. ಅಂಗೇ ಇರ್ತದೆ.”

ಅಯ್ಯೋ ದೇವರೇ, ಕಟ್ಟಿದ್ದನ್ನು ಮತ್ತೆ ಕೆಡವಿಬಿಟ್ಟರಲ್ಲ ಅಂದುಕೊಂಡೆ. ಅಣ್ಣ ಒಂದು ಗಳಿಗೆ ಅವರನ್ನೇ ದಿಟ್ಟಿಸಿದ. ಆಮೇಲೆ ಕಾಫಿ ತುಳುಕುವ ಹಾಗೆ ನಕ್ಕ. ಇವರೂ ನಕ್ಕರು. ಅಲ್ಲಿಂದ ಶುರುವಾಯಿತು ನೋಡಿ, ಟೈರಿನ ಮಾತು, ಮಳೆಯ ಮಾತು, ಬ್ಲಫಿನ ಮಾತು. ವ್ಯಾನಿನೊಳಗೆ ಗಗನನ ಬುರುಡೆ ಸವರಲು ಮಕ್ಕಳ ನೂಕುನುಗ್ಗಲು, ಅವನು ಒಬ್ಬೊಬ್ಬರಿಗೂ ತಲೆ ಬಗ್ಗಿಸಿ ಕೊಡುತ್ತಿದ್ದ. ಇವರಿಬ್ಬರಿಗೆ ಇಹಪರದ ಅರಿವೇ ಇಲ್ಲ. ಇಷ್ಟು ವರ್ಷ ಬಾಯಿ ಬಿಡದವರು ಈಗ ಬಾಯಿ ಮುಚ್ಚಲೊಲ್ಲರು, ಅಲ್ಲಿ ಶಾಲೆಯ ಬೆಲ್ಲು ಹೊಡೆಯುವ ಹೊತ್ತಾಯಿತು.

ನೋಡುವಷ್ಟು ನೋಡಿದೆ. ಆಮೇಲೆ ನಾನೇ ಹೋಗಿ, ಅಣ್ಣನ ಕಿಟಕಿಯೊಳಗೆ ಕೈ ಹಾಕಿ ಹಾರನ್ ಒತ್ತಿದೆ.